ಚೀಲ ತೂಗುವ ಕೊಕ್ಕೆ

ಆಸ್ಪತ್ರೆಯ ಮಂಚದ ಪಕ್ಕದಲ್ಲಿ ತೂಗುವ ಯೂರಿನ್ ಬ್ಯಾಗ್ ಸಾಮಾನ್ಯವಾಗಿ ಎರಡು ಲೀಟರ್ ಹಿಡಿಯುತ್ತದೆ. ತುಂಬಿದರೆ ಎರಡು ಕಿಲೋ ಭಾರ. ಆ ಭಾರವನ್ನೆಲ್ಲ ಹೊರುವುದು ಚೀಲದ ಮೇಲಂಚಿನ ಒಂದೆರಡು ತೂತು, ಅವುಗಳಿಗೆ ಸಿಕ್ಕಿಸಿದ ಒಂದು ಪ್ಲಾಸ್ಟಿಕ್ ಕೊಕ್ಕೆ ಅಥವಾ ಒಂದು ತುಂಡು ದಾರ. ಕೊಕ್ಕೆ ಮಂಚದ ಪಟ್ಟಿಗೆ ಕೂರದಿದ್ದರೆ ಬ್ಯಾಂಡೇಜ್ ಬಟ್ಟೆಯಲ್ಲಿ ಕಟ್ಟುತ್ತಾರೆ. ಕಟ್ಟಲು ಜಾಗವಿಲ್ಲದಿದ್ದರೆ ನೆಲದ ಮೇಲೆ ಇಟ್ಟುಬಿಡುತ್ತಾರೆ. ರೋಗಿಯನ್ನು ಸ್ಕ್ಯಾನಿಂಗ್‌ಗೆ ಕರೆದೊಯ್ಯುವಾಗ ಅದೇ ಚೀಲ ಟ್ರಾಲಿಯ ಮೇಲೆ, ರೋಗಿಯ ಕಾಲುಗಳ ನಡುವೆಯೋ ಹೊಟ್ಟೆಯ ಮೇಲೆಯೋ ಕೂರುತ್ತದೆ. ಜೊತೆಗೆ ಬಂದ ಮನೆಯವರು ಒಂದು ಕೈಯಲ್ಲಿ ಡ್ರಿಪ್ ಬಾಟಲಿಯನ್ನೂ ಇನ್ನೊಂದು ಕೈಯಲ್ಲಿ ಮೂತ್ರದ ಚೀಲವನ್ನೂ ಎತ್ತಿ ಹಿಡಿದು ನಡೆಯುವುದನ್ನು ಯಾವ ದೊಡ್ಡ ಆಸ್ಪತ್ರೆಯ ಕಾರಿಡಾರಿನಲ್ಲಾದರೂ ಕಾಣಬಹುದು. ಒಂದು ಮೇಲಿರಬೇಕು, ಇನ್ನೊಂದು ಕೆಳಗಿರಬೇಕು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ, ಚೀಲವೂ ಹೇಳುವುದಿಲ್ಲ. ಮೂತ್ರದ ಚೀಲದ ವಿನ್ಯಾಸ ಎಂದಾಗ ಪ್ಲಾಸ್ಟಿಕ್ಕಿನ ಗುಣಮಟ್ಟ, ಒಳಗಿನ ಕವಾಟ, ರೋಗಾಣು ತಡೆಯುವ ಲೇಪನ ಇವೇ ಮಾತಿಗೆ ಬರುತ್ತವೆ. ಆದರೆ ಈ ಚೀಲ ರೋಗಿಯನ್ನು ಕಾಯುತ್ತದೆಯೋ ಕಾಡುತ್ತದೆಯೋ ಎಂಬುದು ಬಹುಮಟ್ಟಿಗೆ ಎರಡು ಸಾಧಾರಣ ಭಾಗಗಳ ಮೇಲೆ ನಿಂತಿದೆ: ಅದನ್ನು ತೂಗುಹಾಕುವ ಕೊಕ್ಕೆ, ಅದನ್ನು ಖಾಲಿ ಮಾಡುವ ನಲ್ಲಿ. ಇವೆರಡನ್ನೂ ಕಡೆಗೆ ಯೋಚಿಸುವ ಬದಲು ಮೊದಲು ಯೋಚಿಸಬೇಕು ಎಂಬುದಕ್ಕೆ ವೈದ್ಯಕೀಯದ ಇತಿಹಾಸದಲ್ಲೇ ಸಾಕಷ್ಟು ಆಧಾರವಿದೆ.

ಚೀಲ ಬರುವ ಮೊದಲು ಇದ್ದದ್ದು ತೆರೆದ ಬಾಟಲಿ. ಮೂತ್ರಕೋಶಕ್ಕೆ ಹಾಕಿದ ಕ್ಯಾತಿಟರ್ ಎಂಬ ಕೊಳವೆಯ ಇನ್ನೊಂದು ತುದಿಯನ್ನು ಮಂಚದ ಕೆಳಗಿನ ಗಾಜಿನ ಬಾಟಲಿಗೋ ಬಕೆಟ್ಟಿಗೋ ಇಳಿಬಿಡುತ್ತಿದ್ದರು. ಬಾಟಲಿಯೊಳಗಿನ ಮೂತ್ರದಲ್ಲಿ ರೋಗಾಣುಗಳು ಬೆಳೆದು, ಕೊಳವೆಯ ಒಳಗೋಡೆ ಹಿಡಿದು ಮೇಲೇರುತ್ತಿದ್ದವು. ಈ ಏರ್ಪಾಡಿನಲ್ಲಿ ನಾಲ್ಕು ದಿನ ಕಳೆಯುವಷ್ಟರಲ್ಲಿ ಬಹುತೇಕ ಎಲ್ಲ ರೋಗಿಗಳ ಮೂತ್ರದಲ್ಲೂ ಬ್ಯಾಕ್ಟೀರಿಯಾ ಕಾಣಿಸಿಕೊಳ್ಳುತ್ತಿತ್ತು. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ರೋಗಶಾಸ್ತ್ರಜ್ಞ ಕತ್‌ಬರ್ಟ್ ಡ್ಯೂಕ್ಸ್, ಗುದನಾಳದ ಶಸ್ತ್ರಚಿಕಿತ್ಸೆಯಾದವರನ್ನು ಕಾಡುತ್ತಿದ್ದ ಮೂತ್ರದ ಸೋಂಕನ್ನು ಅಧ್ಯಯನ ಮಾಡಿ, ಗಾಳಿಗೆ ತೆರೆಯದ ಮುಚ್ಚಿದ ವ್ಯವಸ್ಥೆಯೊಂದನ್ನು 1928ರಲ್ಲೇ ವಿವರಿಸಿದ್ದರು. ಅದು ಎಲ್ಲೆಡೆ ಬಳಕೆಗೆ ಬರಲಿಲ್ಲ. 1930ರ ದಶಕದಲ್ಲಿ ಅಮೆರಿಕದ ಮಿನೆಸೋಟಾದ ಮೂತ್ರರೋಗ ತಜ್ಞ ಫ್ರೆಡರಿಕ್ ಫೋಲಿ ತುದಿಯಲ್ಲಿ ಬಲೂನಿರುವ ಕ್ಯಾತಿಟರ್ ರೂಪಿಸಿದ ಮೇಲೆ ಕೊಳವೆ ಜಾರಿ ಹೊರಬರದೆ ದಿನಗಟ್ಟಲೆ, ವಾರಗಟ್ಟಲೆ ಒಳಗೇ ಉಳಿಯುವಂತಾಯಿತು. ಸೋಂಕೂ ಅಷ್ಟೇ ಹೆಚ್ಚಿತು. 1958ರಲ್ಲಿ ಪಾಲ್ ಬೀಸನ್ ಎಂಬ ಹೆಸರಾಂತ ವೈದ್ಯರು ಕ್ಯಾತಿಟರ್ ಬಳಕೆಯ ವಿರುದ್ಧವೇ ಸಂಪಾದಕೀಯ ಬರೆಯುವಷ್ಟು ಪರಿಸ್ಥಿತಿ ಕೆಟ್ಟಿತ್ತು. 1966ರಲ್ಲಿ ಕ್ಯಾಲ್ವಿನ್ ಕ್ಯೂನಿನ್ ಮತ್ತು ಮೆಕ್‌ಕಾರ್ಮ್ಯಾಕ್, ಕ್ಯಾತಿಟರ್‌ನಿಂದ ಚೀಲದವರೆಗೆ ಎಲ್ಲೂ ತೆರೆಯದ ವ್ಯವಸ್ಥೆಯಿಂದ ಸೋಂಕನ್ನು ದೊಡ್ಡ ಪ್ರಮಾಣದಲ್ಲಿ ಮುಂದೂಡಬಹುದು ಎಂದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ತೋರಿಸಿಕೊಟ್ಟರು. ಈಗ ಮುಚ್ಚಿದ ಚೀಲ ಬಳಸಿದಾಗ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣಿಸಿಕೊಳ್ಳುವ ಸಾಧ್ಯತೆ ದಿನವೊಂದಕ್ಕೆ ಶೇ. 3ರಿಂದ 7ರಷ್ಟು. ನಾಲ್ಕು ದಿನದ ಅವಧಿ ಹೆಚ್ಚುಕಡಿಮೆ ಒಂದು ತಿಂಗಳಿಗೆ ಹಿಗ್ಗಿತು. ಇದಕ್ಕಾಗಿ ಹೊಸ ಔಷಧ ಕಂಡುಹಿಡಿಯಲಿಲ್ಲ, ದೇಹದೊಳಗಿನ ಕೊಳವೆಯನ್ನೂ ಬದಲಿಸಲಿಲ್ಲ. ಕೊಳವೆಯ ಹೊರತುದಿ ಎಲ್ಲಿ, ಹೇಗೆ ಕೊನೆಗೊಳ್ಳಬೇಕು ಎಂಬ ಜೋಡಣೆ ಮಾತ್ರ ಬದಲಾಯಿತು.

ಆ ಜೋಡಣೆಯನ್ನು ಹತ್ತಿರದಿಂದ ನೋಡೋಣ. ಪಿವಿಸಿ ಪ್ಲಾಸ್ಟಿಕ್ಕಿನ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು, ಅಂಚುಗಳನ್ನು ಅಧಿಕ ಆವರ್ತನದ ವಿದ್ಯುತ್ತಿನಿಂದ ಬೆಸೆದರೆ ಚೀಲವಾಯಿತು. ಮೇಲ್ಭಾಗದಲ್ಲಿ ಕೊಳವೆ ಒಳಸೇರುವ ಬಾಯಿ. ಅದರ ಹಿಂದೆಯೇ ಮೂತ್ರ ಒಳಗೆ ಬರಲು ಬಿಟ್ಟು ಹಿಂದಕ್ಕೆ ಹೋಗಗೊಡದ ಕವಾಟ. ಬಹುಪಾಲು ಚೀಲಗಳಲ್ಲಿ ಇದು ಒಂದಕ್ಕೊಂದು ಅಂಟಿದಂತಿರುವ ಎರಡು ತೆಳು ಪೊರೆ, ಅಷ್ಟೆ. ಒಳ್ಳೆಯ ಚೀಲಗಳಲ್ಲಿ ಬಾಯಿಯ ಬಳಿ ಹನಿಕೋಣೆಯೊಂದಿರುತ್ತದೆ. ಮೂತ್ರ ಇಲ್ಲಿ ಧಾರೆ ಕಡಿದು ಹನಿಹನಿಯಾಗಿ ಬೀಳುವುದರಿಂದ ಚೀಲದೊಳಗಿನ ದ್ರವಕ್ಕೂ ಕೊಳವೆಯೊಳಗಿನ ದ್ರವಕ್ಕೂ ನಡುವೆ ಗಾಳಿಯ ಅಂತರ ಉಳಿಯುತ್ತದೆ, ರೋಗಾಣು ಈಜಿ ಮೇಲೇರುವ ದಾರಿ ತುಂಡಾಗುತ್ತದೆ. ನೀರು ಹಿಡಿಯದ ಸೋಸುಕದ ಮೂಲಕ ಗಾಳಿಯಾಡುವ ಸಣ್ಣ ಕಿಂಡಿಯೊಂದು ಕೆಲವಲ್ಲಿ ಇರುತ್ತದೆ. ಪರೀಕ್ಷೆಗೆ ಮೂತ್ರ ತೆಗೆಯಲು ಕೊಳವೆಯ ಮೇಲೆ ಪ್ರತ್ಯೇಕ ದ್ವಾರವಿದ್ದರೆ ಕ್ಯಾತಿಟರ್‌ನಿಂದ ಕೊಳವೆಯನ್ನು ಬಿಚ್ಚುವ ಪ್ರಮೇಯವೇ ಬರುವುದಿಲ್ಲ. ತಳದಲ್ಲಿ ನಲ್ಲಿ. ಚೀಲ ಪಾರದರ್ಶಕವಾಗಿರುವುದಕ್ಕೂ ಕಾರಣವಿದೆ: ರಕ್ತ, ಕೀವು, ಬಣ್ಣ ಕಣ್ಣಿಗೆ ಬೀಳಬೇಕು. ದೀರ್ಘಕಾಲ ಕ್ಯಾತಿಟರ್ ಹಾಕಿಸಿಕೊಂಡ, ಮಲಬದ್ಧತೆಯಿರುವ ವೃದ್ಧರಲ್ಲಿ ಕೆಲವೊಮ್ಮೆ ಚೀಲ ನೇರಳೆ ಬಣ್ಣಕ್ಕೆ ತಿರುಗಿ ಮನೆಯವರನ್ನು ಗಾಬರಿಗೆಡಿಸುತ್ತದೆ. ವೈದ್ಯಕೀಯ ಪತ್ರಿಕೆಯಲ್ಲಿ ಇದು ಮೊದಲು ವರದಿಯಾದದ್ದು 1978ರಲ್ಲಿ. ಆಹಾರದ ಟ್ರಿಪ್ಟೊಫ್ಯಾನ್ ಕರುಳಿನಲ್ಲಿ ಒಡೆದು, ಯಕೃತ್ತಿನಲ್ಲಿ ಮಾರ್ಪಟ್ಟು, ಮೂತ್ರಕ್ಕೆ ಬಂದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾ ಅದರಿಂದ ನೀಲಿಯ ಇಂಡಿಗೊ ಮತ್ತು ಕೆಂಪಿನ ಇಂಡಿರುಬಿನ್ ಉಂಟುಮಾಡುತ್ತವೆ. ಎರಡೂ ಬೆರೆತು ಚೀಲದ ಪ್ಲಾಸ್ಟಿಕ್ಕಿಗೇ ಹತ್ತಿಕೊಳ್ಳುತ್ತವೆ. ಬಣ್ಣವೇ ಅಪಾಯವಲ್ಲ, ಸೋಂಕಿದೆ ಎಂಬುದರ ಸೂಚನೆ.

1966ರ ಗೆಲುವಿನ ನಂತರ ವಿನ್ಯಾಸಕಾರರ ಗಮನ ಸಹಜವಾಗಿಯೇ ರಸಾಯನದ ಕಡೆ ಹೊರಳಿತು. ಮುಚ್ಚಿದ ಚೀಲ ಸೋಂಕನ್ನು ಮುಂದೂಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ, ಹಾಗಾದರೆ ಚೀಲದೊಳಗೇ ರೋಗಾಣುನಾಶಕ ಹಾಕಿದರೆ ಹೇಗೆ ಎಂಬುದು ಒಳ್ಳೆಯ ಪ್ರಶ್ನೆಯೇ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ನೋಡಿದರು. ನಲ್ಲಿಯ ಬಳಿ ರೋಗಾಣುನಾಶಕ ಒಸರುವ ಪುಟ್ಟ ಕೋಶಗಳನ್ನು ಅಳವಡಿಸಿದರು. ಫಲ ಆಶಾದಾಯಕವಾಗಿರಲಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 2009ರಲ್ಲಿ ಹೊರಡಿಸಿದ ಮಾರ್ಗಸೂಚಿ, ಚೀಲದೊಳಗೆ ರೋಗಾಣುನಾಶಕ ಹಾಕುವುದನ್ನು ವಾಡಿಕೆಯ ಕ್ರಮವಾಗಿ ಮಾಡಬೇಡಿ ಎನ್ನುತ್ತದೆ, ಅಂಥ ಸಂಕೀರ್ಣ ವ್ಯವಸ್ಥೆಗಳು ದೈನಂದಿನ ಬಳಕೆಗೆ ಅಗತ್ಯವಿಲ್ಲ ಎಂದೂ ಹೇಳುತ್ತದೆ. ಕ್ಯಾತಿಟರ್‌ಗೆ ಬೆಳ್ಳಿಯ ಲೇಪನ ಕೊಡುವ ಪ್ರಯತ್ನಕ್ಕೂ ಹೀಗೇ ಆಯಿತು. ಬ್ರಿಟನ್ನಿನ 24 ಆಸ್ಪತ್ರೆಗಳ 7,102 ರೋಗಿಗಳ ಮೇಲೆ ನಡೆದು 2012ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅಲ್ಪಾವಧಿಗೆ ಹಾಕುವ ಬೆಳ್ಳಿಲೇಪಿತ ಕ್ಯಾತಿಟರ್‌ಗಳು ರೋಗಲಕ್ಷಣ ತೋರುವ ಸೋಂಕನ್ನು ಕಡಿಮೆ ಮಾಡಲಿಲ್ಲ. ಅದೇ ಸಿಡಿಸಿ ಮಾರ್ಗಸೂಚಿ ಒತ್ತಿ ಹೇಳುವ ಸಂಗತಿಗಳಾದರೂ ಯಾವುವು? ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿರಲಿ. ನೆಲಕ್ಕೆ ತಾಗದಿರಲಿ. ಕೊಳವೆ ಎಲ್ಲೂ ಮಡಚದಿರಲಿ. ಖಾಲಿ ಮಾಡುವಾಗ ಪ್ರತಿ ರೋಗಿಗೂ ಬೇರೆ ಪಾತ್ರೆ ಇರಲಿ, ನಲ್ಲಿಯ ತುದಿ ಪಾತ್ರೆಗೆ ಮುಟ್ಟದಿರಲಿ. ಇವೆಲ್ಲ ಕೊಕ್ಕೆಯ, ಕೊಳವೆಯ ಉದ್ದದ, ನಲ್ಲಿಯ ವಿಷಯಗಳೇ. ಆದರೆ ಇವನ್ನು ಬರೆದಿರುವುದು ನರ್ಸುಗಳಿಗೆ ಕೊಟ್ಟ ಸೂಚನೆಯ ರೂಪದಲ್ಲಿ. ಚೀಲ ಮಾಡುವವರಿಗೆ ಕೊಡಬೇಕಾದ ಸೂಚನೆಯೂ ಇದೇ ಎಂದು ಯಾರಾದರೂ ಹೇಳಬೇಕಿತ್ತು.

ಎತ್ತರದ ವಿಷಯ ಯಾಕಿಷ್ಟು ಮುಖ್ಯ ಎಂಬುದು ಸರಳ ಭೌತಶಾಸ್ತ್ರ. ಮೂತ್ರಕೋಶದಿಂದ ಚೀಲಕ್ಕೆ ಮೂತ್ರ ಎಳೆಯಲು ಯಾವ ಪಂಪೂ ಇಲ್ಲ, ಭೂಮಿಯ ಸೆಳೆತವೊಂದೇ ಆಧಾರ. ಮೂತ್ರಕೋಶ ನಿಧಾನವಾಗಿ ತುಂಬುತ್ತಿರುವಾಗ ಒಳಗಿನ ಒತ್ತಡ ಸಾಮಾನ್ಯವಾಗಿ 10ರಿಂದ 15 ಸೆಂಟಿಮೀಟರ್ ಎತ್ತರದ ನೀರಿನ ಒತ್ತಡವನ್ನು ಮೀರುವುದಿಲ್ಲ. ಚೀಲವನ್ನು ಮೂತ್ರಕೋಶಕ್ಕಿಂತ 30 ಸೆಂಟಿಮೀಟರ್ ಮೇಲೆತ್ತಿದರೆ ಅದರ ಎರಡು ಪಟ್ಟು ಒತ್ತಡ ಹಿಂದಕ್ಕೆ ಬೀಳುತ್ತದೆ. ಹಿಂದೆ ಹರಿಯದಂತೆ ತಡೆಯುವ ಕವಾಟ ಇದೆಯಲ್ಲ ಎಂದು ಕೇಳಬಹುದು. ಕವಾಟ ತಡೆಯುವುದು ಚೀಲದೊಳಗಿನ ಮೂತ್ರವನ್ನು. ಅದರ ಹಿಂದಿನ ಕೊಳವೆಯಲ್ಲಿರುವುದನ್ನಲ್ಲ. ಒಳವ್ಯಾಸ 6 ಮಿಲಿಮೀಟರ್ ಇರುವ ಒಂದು ಮೀಟರ್ ಕೊಳವೆಯಲ್ಲಿ ಸುಮಾರು 28 ಮಿಲಿಲೀಟರ್ ಹಿಡಿಯುತ್ತದೆ. ಗಂಟೆಗಟ್ಟಲೆ ಕೊಳವೆಯಲ್ಲಿ ನಿಂತ ಆ ಮೂತ್ರ, ಟ್ರಾಲಿಯ ಮೇಲೆ ಚೀಲ ಇಟ್ಟ ಗಳಿಗೆಯಲ್ಲಿ ಮೂತ್ರಕೋಶಕ್ಕೆ ಮರಳುತ್ತದೆ. ಇನ್ನು ಕೊಳವೆ ಜೋತುಬಿದ್ದಾಗ ಆಗುವ ತೊಂದರೆ ಬೇರೆ. ಕೊಳವೆ ಮಂಚದಿಂದ ಇಳಿದು, ಚೀಲದ ಬಾಯಿಗಿಂತ ಕೆಳಗೆ ಜೋಲಿ ಹೊಡೆದು, ಮತ್ತೆ ಮೇಲೇರಿ ಚೀಲ ಸೇರಿತೆನ್ನಿ. ಆ ಜೋಲಿಯಲ್ಲಿ ಮೂತ್ರ ನಿಲ್ಲುತ್ತದೆ, ಮೂತ್ರಕೋಶದ ಕಡೆಯ ಭಾಗದಲ್ಲಿ ಗಾಳಿ ಸಿಕ್ಕಿಬೀಳುತ್ತದೆ. ಎರಡು ಬದಿಯ ದ್ರವದ ಮಟ್ಟಗಳ ನಡುವೆ 20 ಸೆಂಟಿಮೀಟರ್ ವ್ಯತ್ಯಾಸವಿದ್ದರೆ ಅಷ್ಟು ಒತ್ತಡವನ್ನು ಮೀರಿದ ಮೇಲೆಯೇ ಮೂತ್ರ ಮುಂದೆ ಹರಿಯಬೇಕು. ಚೀಲ ಸರಿಯಾಗಿ ಕೆಳಗೇ ಇದೆ, ಕೊಳವೆ ಎಲ್ಲೂ ಮಡಚಿಲ್ಲ, ಆದರೂ ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ. ಹಾಗೆ ಉಳಿದ ಮೂತ್ರವೇ ರೋಗಾಣುಗಳಿಗೆ ನೆಲೆ. ರೋಗಿ ಮಗ್ಗುಲು ಬದಲಿಸಲು ಕೊಳವೆ ಉದ್ದವಿರಬೇಕು, ಉದ್ದವಿದ್ದರೆ ಜೋಲಿ ಬೀಳುತ್ತದೆ. ಹೆಚ್ಚುವರಿ ಉದ್ದವನ್ನು ಹಾಸಿಗೆಯ ಮೇಲೆಯೇ ಸುತ್ತಿ ಹಿಡಿಯುವ ಕ್ಲಿಪ್ಪು ಚೀಲದ ಜೊತೆಗೇ ಬಂದರೆ ಈ ಇಕ್ಕಟ್ಟು ಬಹುಮಟ್ಟಿಗೆ ಬಗೆಹರಿಯುತ್ತದೆ. ಅಗ್ಗದ ಚೀಲಗಳಲ್ಲಿ ಮೊದಲು ಕೈಬಿಡುವುದು ಅದನ್ನೇ.

ಕೊಕ್ಕೆಯ ಕಥೆಯೂ ಇದೇ. ಮಂಚದ ಪಟ್ಟಿ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದ್ದು, ಕೊಕ್ಕೆ, ಚೀಲ, ನಲ್ಲಿ ಎಲ್ಲ ಸೇರಿ 40 ಸೆಂಟಿಮೀಟರ್ ಉದ್ದವಾದರೆ ನೆಲಕ್ಕೂ ನಲ್ಲಿಗೂ ನಡುವೆ ಉಳಿಯುವುದು ಅರ್ಧ ಗೇಣು. ದಾರ ಸ್ವಲ್ಪ ಸಡಿಲಾದರೆ, ಮೋಟಾರಿನ ಮಂಚವನ್ನು ತುಸು ತಗ್ಗಿಸಿದರೆ, ನಲ್ಲಿ ನೆಲ ಮುಟ್ಟಿತು. ದುಂಡನೆಯ ಕಬ್ಬಿಣದ ಪೈಪಿನ ಮಂಚಕ್ಕೆ ಹಿಡಿಯುವ ಕೊಕ್ಕೆ ಚಪ್ಪಟೆ ಪಟ್ಟಿಯ ಮಂಚಕ್ಕೆ ಹಿಡಿಯದು. ಕಂಬಿಯ ರೇಲಿಂಗ್ ಇದ್ದರೆ ಅಲ್ಲಿಗೆ ಸಿಕ್ಕಿಸುತ್ತಾರೆ. ರೇಲಿಂಗನ್ನು ಎತ್ತಿದಾಗ ಚೀಲವೂ ಅದರ ಜೊತೆ ಮೇಲೇರುತ್ತದೆ. ನಮ್ಮ ಮನೆಗಳಿಗೆ ಬಂದರೆ ಸಮಸ್ಯೆಯ ರೂಪವೇ ಬೇರೆ. ಪಾರ್ಶ್ವವಾಯು ಬಡಿದವರು, ಸೊಂಟ ಮುರಿದ ಹಿರಿಯರು ಕ್ಯಾತಿಟರ್ ಸಮೇತ ಡಿಸ್ಚಾರ್ಜ್ ಆಗಿ ಮನೆಗೆ ಬರುತ್ತಾರೆ. ಕರ್ನಾಟಕದ ಹಳ್ಳಿಗಳಲ್ಲೂ ಪಟ್ಟಣಗಳ ಎಷ್ಟೋ ಮನೆಗಳಲ್ಲೂ ಮಲಗುವುದು ಚಾಪೆಯ ಮೇಲೆ, ನೆಲದ ಹಾಸಿಗೆಯ ಮೇಲೆ, ಇಲ್ಲವೇ ತಗ್ಗಿನ ಹೊರಸಿನ ಮೇಲೆ. ನೆಲದಲ್ಲೇ ಮಲಗಿದವರ ಮೂತ್ರಕೋಶಕ್ಕಿಂತ ಕೆಳಗೆ ಚೀಲ ತೂಗಲು ಜಾಗವೇ ಇಲ್ಲ! ಇಂಥ ಕಡೆ ಮನೆಯವರು ಗೋಡೆಯ ಮೊಳೆಗೆ ಚೀಲ ಸಿಕ್ಕಿಸಿದರೆ ಅದು ಅಜ್ಞಾನವಲ್ಲ. ತೂಗುಹಾಕಲೆಂದೇ ಮಾಡಿದ ವಸ್ತುವನ್ನು ತೂಗುವುದಕ್ಕೆ ಅವರಿಗೆ ಸಿಕ್ಕಿದ ಜಾಗ ಅದು. ಸದ್ಯಕ್ಕೆ ಮಾಡಬಹುದಾದದ್ದು, ಹಾಸಿಗೆಯ ದಪ್ಪವನ್ನಾದರೂ ಹೆಚ್ಚಿಸಿ, ಚೀಲವನ್ನು ತೊಳೆದೊಣಗಿಸಿದ ಬೇಸನ್ನಿನಲ್ಲಿ ಇಟ್ಟು, ಅದು ಅರ್ಧ ತುಂಬುವ ಮೊದಲೇ ಖಾಲಿ ಮಾಡುತ್ತಿರುವುದು. ಮಲಗಿಸಿ ಇಟ್ಟರೂ ಕವಾಟ ಕೆಲಸ ಮಾಡುವ, ನಲ್ಲಿ ನೆಲ ಮುಟ್ಟದಂತೆ ಅಂಚು ಮೇಲೆದ್ದಿರುವ, ಅಗಲವಾಗಿ ಹರಡಿಕೊಳ್ಳುವ ಚೀಲವೊಂದನ್ನು ಮಾಡುವುದು ತಂತ್ರಜ್ಞಾನಕ್ಕೆ ಕಷ್ಟವೇನಲ್ಲ. ವಿನ್ಯಾಸಕಾರರು ಎತ್ತರದ ಮಂಚವನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೂತಿರುವವರೆಗೆ ಅದು ಹುಟ್ಟುವುದಿಲ್ಲ.

ನಲ್ಲಿಯ ವಿಷಯಕ್ಕೆ ಬರೋಣ. ಹಳೆಯ ಮಾದರಿಯ ಕೆಲವು ಚೀಲಗಳಿಗೆ ತಳದಲ್ಲಿ ನಲ್ಲಿಯೇ ಇರುವುದಿಲ್ಲ, ಮೇಲಿನ ಮೂಲೆಯ ಬಾಯಿ ತೆಗೆದು ಚೀಲವನ್ನು ತಲೆಕೆಳಗು ಮಾಡಿ ಸುರಿಯಬೇಕು. ಹಾಗೆ ಮಾಡುವಾಗ ಚೀಲ ಎತ್ತದೆ ಗತಿಯಿಲ್ಲ. ತಳದ ನಲ್ಲಿಗಳಲ್ಲಿ ಎಳೆದು ತೆರೆದು ಒತ್ತಿ ಮುಚ್ಚುವುದು ಒಂದು ಬಗೆ; ಬೆರಳು ನೇರವಾಗಿ ಮೂತ್ರ ಹರಿಯುವ ಬಾಯಿಯ ಹತ್ತಿರವೇ ಇರುತ್ತದೆ, ಕೈಗೆ ಹನಿ ಸಿಡಿಯುತ್ತದೆ, ಮುಚ್ಚಿದ ಮೇಲೂ ಒಂದೆರಡು ಹನಿ ತುದಿಯಲ್ಲಿ ಜಿನುಗುತ್ತದೆ. ಅಡ್ಡಕ್ಕೆ ತಳ್ಳುವ ಟಿ ಆಕಾರದ ನಲ್ಲಿ ಒಂದೇ ಕೈಗೆ ಬಗ್ಗುತ್ತದೆ, ಬೆರಳನ್ನೂ ದೂರವಿಡುತ್ತದೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಸಿಸ್ಟರ್, ಒಬ್ಬರೇ ಆಯಾ ಇಡೀ ವಾರ್ಡು ನೋಡಿಕೊಳ್ಳಬೇಕಾದ ಕಡೆ ಏನಾಗುತ್ತದೆ ಎಂದು ಯೋಚಿಸಿ. ಒಂದೇ ಜಗ್ಗು, ಒಂದೇ ಜೊತೆ ಕೈಗವಸು, ಮಂಚದಿಂದ ಮಂಚಕ್ಕೆ. ಒಬ್ಬರ ಚೀಲದ ನಲ್ಲಿಯಿಂದ ಜಗ್ಗಿನ ಅಂಚಿಗೆ, ಅಂಚಿನಿಂದ ಮುಂದಿನವರ ನಲ್ಲಿಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸಾಗುತ್ತವೆ. ನಲ್ಲಿಯಿಂದ ಒಳಹೊಕ್ಕ ರೋಗಾಣು ಚೀಲದಲ್ಲಿ ಬೆಳೆದು ಒಂದೆರಡು ದಿನದಲ್ಲಿ ಮೂತ್ರಕೋಶ ತಲುಪಬಲ್ಲದು. ನಲ್ಲಿಯ ತುದಿಗೆ ಪಾತ್ರೆ ಮುಟ್ಟದಂತೆ ತಡೆಯುವ ಒಂದು ಬಳೆಯಂಥ ಅಂಚು, ಬಳಸಿದ ಮೇಲೆ ತುದಿಯನ್ನು ಮೇಲಕ್ಕೆ ಸಿಕ್ಕಿಸುವ ಪುಟ್ಟ ಜೇಬು ಈಗಾಗಲೇ ಕೆಲವು ಚೀಲಗಳಲ್ಲಿವೆ. ಬೆಳ್ಳಿ ಲೇಪನಕ್ಕೆ ಹೋಲಿಸಿದರೆ ಇವುಗಳ ಖರ್ಚು ಯಾವ ಲೆಕ್ಕಕ್ಕೂ ಬಾರದು.

ಅಳತೆಯ ಗೆರೆಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಚೀಲದ ಮೇಲೆ 100 ಮಿಲಿಲೀಟರ್‌ಗೊಂದು ಗೆರೆ ಅಚ್ಚಾಗಿರುತ್ತದೆ. ಮೆದು ಪ್ಲಾಸ್ಟಿಕ್ ಉಬ್ಬುವುದರಿಂದ, ಚೀಲ ಓರೆಯಾಗಿ ತೂಗಿದರೆ ದ್ರವ ಒಂದು ಮೂಲೆಗೆ ಸರಿಯುವುದರಿಂದ, ಆ ಗೆರೆಗಳು ಅಂದಾಜು ಮಾತ್ರ. ದಿನಕ್ಕೆ ಎಷ್ಟು ಹೋಯಿತು ಎಂದು ಸ್ಥೂಲವಾಗಿ ತಿಳಿಯಲು ಅಂದಾಜು ಸಾಕು. ಐಸಿಯುವಿನಲ್ಲಿ ಸಾಲದು. ದೇಹದ ತೂಕದ ಕಿಲೋ ಒಂದಕ್ಕೆ ಗಂಟೆಗೆ ಅರ್ಧ ಮಿಲಿಲೀಟರ್‌ಗಿಂತ ಕಡಿಮೆ ಮೂತ್ರ ಬಂದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರಬಹುದು ಎಂದು ವೈದ್ಯರು ಎಚ್ಚರಗೊಳ್ಳುತ್ತಾರೆ. 60 ಕಿಲೋ ತೂಕದವರಲ್ಲಿ ಅದು ಗಂಟೆಗೆ 30 ಮಿಲಿಲೀಟರ್. 100ರ ಗೆರೆಗಳಿರುವ ಚೀಲದಲ್ಲಿ 30 ಎಲ್ಲಿ ಕಾಣಬೇಕು? ಅದಕ್ಕೇ ಚೀಲದ ಮುಂದೆ ಗಟ್ಟಿ ಪ್ಲಾಸ್ಟಿಕ್ಕಿನ ಅಳತೆಪೆಟ್ಟಿಗೆ ಇರುವ ಯೂರೋಮೀಟರ್ ಬಳಸುತ್ತಾರೆ. ಅದಿಲ್ಲದ ಕಡೆ ಇನ್‌ಟೇಕ್-ಔಟ್‌ಪುಟ್ ಚಾರ್ಟಿನಲ್ಲಿ ಬರೆದ ಅಂಕಿ, ಓರೆ ತೂಗಿದ ಚೀಲ ಓದಿದ ಅಂಕಿ. ಚೀಲ ನೆಟ್ಟಗೆ ತೂಗಲು ಒಂದೇ ದಾರಕ್ಕಿಂತ ಎರಡು ಕಡೆ ಹಿಡಿಯುವ ಅಗಲ ಕೊಕ್ಕೆ ಬೇಕು. ಅಳತೆಯ ನಿಖರತೆಯೂ ಕೊನೆಗೆ ಕೊಕ್ಕೆಗೇ ಬಂದು ನಿಲ್ಲುತ್ತದೆ.

ಈ ವಾದಕ್ಕೆ ಎದುರಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು ರೋಗಾಣುಗಳ ದಾರಿಯ ಬಗ್ಗೆಯೇ ಇದೆ. ಟಂಬಾಯಾ, ಹಾಲ್ವರ್ಸನ್ ಮತ್ತು ಮಾಕಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಾರಿಯನ್ನು ಗುರುತಿಸಲು ಸಾಧ್ಯವಾದ ಸೋಂಕುಗಳಲ್ಲಿ ಸುಮಾರು ಮೂರನೇ ಎರಡು ಭಾಗ ಕ್ಯಾತಿಟರ್‌ನ ಹೊರಮೈ ಹಿಡಿದು ಬಂದಿದ್ದವು. ಒಳದಾರಿಯಿಂದ, ಅಂದರೆ ಚೀಲ ಮತ್ತು ಜೋಡಣೆಗಳ ಕಡೆಯಿಂದ ಬಂದದ್ದು ಮೂರನೇ ಒಂದು ಭಾಗ. ಹಾಗಾದರೆ ಚೀಲದ ಮೇಲೇಕೆ ಇಷ್ಟು ಒತ್ತು? ಮೊದಲನೆಯದಾಗಿ, ಇದು ಮುಚ್ಚಿದ ಚೀಲ ಬಂದ ಮೇಲಿನ ಲೆಕ್ಕ. ಒಳದಾರಿಯ ಪಾಲು ಇಷ್ಟಕ್ಕೆ ಇಳಿದದ್ದೇ ಜೋಡಣೆ ಸರಿಯಾದದ್ದರಿಂದ. ಎರಡನೆಯದಾಗಿ, ಆ ಮೂರನೇ ಒಂದು ಭಾಗ ತಪ್ಪಿಸಬಹುದಾದ ಭಾಗ. ಹೊರಮೈ ದಾರಿಗೆ ಲೇಪನಗಳು ಉತ್ತರ ಕೊಡಲಿಲ್ಲ ಎಂಬುದನ್ನು ನೋಡಿದೆವು. ಮೂರನೆಯದು ಸೋಂಕಿಗೆ ಸಂಬಂಧವೇ ಇಲ್ಲದ ಅಪಾಯ. ಬೆನ್ನುಹುರಿಗೆ ಎದೆಯ ಆರನೇ ಕಶೇರುಕದ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಕೊಳವೆ ಮಡಚಿ ಅಥವಾ ಕಾಲಿಗೆ ಕಟ್ಟಿದ ಚೀಲ ತುಂಬಿ ಮೂತ್ರಕೋಶ ಉಬ್ಬಿದರೆ ರಕ್ತದೊತ್ತಡ ದಿಢೀರನೆ ಏರುತ್ತದೆ, ತಲೆ ಸಿಡಿಯುತ್ತದೆ, ಮುಖ ಬೆವರುತ್ತದೆ. ತಕ್ಷಣ ತಡೆ ನಿವಾರಿಸದಿದ್ದರೆ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು. ಇವರಲ್ಲಿ ಕೈಬೆರಳುಗಳಿಗೆ ಶಕ್ತಿಯಿಲ್ಲದವರೂ ಇರುತ್ತಾರೆ. ಅವರಿಗೆ ಬೆರಳ ತುದಿಯಲ್ಲಿ ಎಳೆಯುವ ನಲ್ಲಿ ಕೊಟ್ಟರೆ ಜೀವವನ್ನು ಇನ್ನೊಬ್ಬರ ಕೈಗೆ ಕೊಟ್ಟಂತೆ. ಮುಂಗೈಯಿಂದ ತಳ್ಳಬಲ್ಲ ನಲ್ಲಿ ಕೊಟ್ಟರೆ ಅವರೇ ತಮ್ಮ ಚೀಲ ಖಾಲಿ ಮಾಡಿಕೊಳ್ಳಬಲ್ಲರು.

ಚೀಲವನ್ನು ಸುಧಾರಿಸುವ ಬದಲು ಕ್ಯಾತಿಟರ್ ಹಾಕುವುದನ್ನೇ ಕಡಿಮೆ ಮಾಡಿ ಎನ್ನುವವರಿದ್ದಾರೆ. ಅವರ ಮಾತು ಪೂರ್ತಿ ಸರಿ. ಅಗತ್ಯ ಮುಗಿದ ದಿನವೇ ತೆಗೆದ ಕ್ಯಾತಿಟರ್‌ಗಿಂತ ಒಳ್ಳೆಯ ರಕ್ಷಣೆ ಇನ್ನೊಂದಿಲ್ಲ. 1972ರಲ್ಲಿ ಅಮೆರಿಕದ ಜ್ಯಾಕ್ ಲ್ಯಾಪಿಡೀಸ್, ಶುಚಿಯಾದ ಕೊಳವೆಯನ್ನು ದಿನಕ್ಕೆ ಹಲವು ಬಾರಿ ತಾವೇ ಹಾಕಿ ತೆಗೆಯುವ ವಿಧಾನವನ್ನು ಮುಂದಿಟ್ಟ ಮೇಲೆ ಬೆನ್ನುಹುರಿಯ ಪೆಟ್ಟಿನವರ ಬದುಕು ಎಷ್ಟೋ ಹಗುರಾಯಿತು. ಆದರೂ ದೊಡ್ಡ ಶಸ್ತ್ರಚಿಕಿತ್ಸೆ, ಐಸಿಯು, ಮೂತ್ರದ ದಾರಿ ಕಟ್ಟಿದ ಸ್ಥಿತಿ ಇವು ಇರುವ ತನಕ ಚೀಲವೂ ಇರುತ್ತದೆ. ಸಿಬ್ಬಂದಿಗೆ ತರಬೇತಿ ಕೊಟ್ಟರೆ ಸಾಕು ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ತರಬೇತಿ ಬೇಕು, ಅನುಮಾನವಿಲ್ಲ. ಆದರೆ ತರಬೇತಿ ಪಡೆದ ಸಿಸ್ಟರ್‌ಗೂ ಕೂರದ ಕೊಕ್ಕೆಯನ್ನು ಕೂರಿಸಲಾಗದು. ಅದಲ್ಲದೆ ನಮ್ಮಲ್ಲಿ ಚೀಲ ಹಿಡಿದು ನಡೆಯುವವರು, ರಾತ್ರಿ ಖಾಲಿ ಮಾಡುವವರು ಬಹುಪಾಲು ರೋಗಿಯ ಮಗಳು, ಸೊಸೆ, ತಮ್ಮ. ಅವರು ಯಾವ ತರಬೇತಿಗೂ ಬಂದವರಲ್ಲ. ಚೀಲದ ಮೈಮೇಲೆ ಕನ್ನಡದಲ್ಲಿ ಒಂದು ಸಾಲು, ಮಲಗಿದ ಮನುಷ್ಯನ ಚಿತ್ರದ ಕೆಳಗೆ ಚೀಲ ತೋರಿಸುವ ಒಂದು ಬಾಣದ ಗುರುತು ಅಚ್ಚು ಹಾಕಲು ಹೆಚ್ಚೇನೂ ತಗಲುವುದಿಲ್ಲ.

ಜೋಡಣೆಯ ಸಣ್ಣ ಬದಲಾವಣೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಪಕ್ಕದ ಇನ್ನೊಂದು ಚೀಲದ ಉದಾಹರಣೆಯಿದೆ. ಮೂತ್ರಪಿಂಡ ಸೋತವರು ಮನೆಯಲ್ಲೇ ಮಾಡಿಕೊಳ್ಳುವ ಹೊಟ್ಟೆಯ ಡಯಾಲಿಸಿಸ್‌ನಲ್ಲಿ ಎರಡು ಲೀಟರ್‌ನಷ್ಟು ದ್ರವವನ್ನು ಎತ್ತರದಲ್ಲಿ ತೂಗಿದ ಚೀಲದಿಂದ ಹೊಟ್ಟೆಗೆ ಇಳಿಸಿ, ಕೆಲವು ಗಂಟೆಗಳ ಬಳಿಕ ಕೆಳಗಿಟ್ಟ ಚೀಲಕ್ಕೆ ಹರಿಸುತ್ತಾರೆ. 1976ರಲ್ಲಿ ಅಮೆರಿಕದ ಪೊಪೊವಿಚ್ ಮತ್ತು ಮಾನ್‌ಕ್ರೀಫ್ ಈ ವಿಧಾನವನ್ನು ಮುಂದಿಟ್ಟಾಗ ದ್ರವ ಗಾಜಿನ ಬಾಟಲಿಗಳಲ್ಲಿತ್ತು, ಹೊಟ್ಟೆಯ ಪೊರೆಗೆ ಸೋಂಕು ಮೇಲಿಂದ ಮೇಲೆ ತಗಲುತ್ತಿತ್ತು. ಟೊರಾಂಟೊದಲ್ಲಿ ಓರಿಯೊಪೌಲಸ್ ಬಾಟಲಿಯ ಬದಲು ಮೆದು ಪ್ಲಾಸ್ಟಿಕ್ ಚೀಲ ಬಳಸಿದಾಗ ಜೋಡಿಸಿ ಬಿಚ್ಚುವ ಸಲಗಳು ಕಡಿಮೆಯಾಗಿ ಸೋಂಕೂ ಇಳಿಯಿತು. ಇಟಲಿಯ ಬುವೊನ್‌ಕ್ರಿಸ್ಟಿಯಾನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ವೈ ಆಕಾರದ ಕೊಳವೆ ತಂದರು: ಜೋಡಿಸಿದ ಕೂಡಲೇ ಹೊಸ ದ್ರವವನ್ನು ಹೊಟ್ಟೆಗೆ ಬಿಡದೆ, ಮೊದಲು ಕೊಳವೆಯನ್ನು ತೊಳೆದು ಕೆಳಗಿನ ಚೀಲಕ್ಕೆ ಹರಿಸುವುದು. ಜೋಡಿಸುವಾಗ ಬೆರಳು ತಾಗಿ ಸೇರಿದ ರೋಗಾಣು ಹೊಟ್ಟೆ ಸೇರುವ ಬದಲು ಖಾಲಿ ಚೀಲ ಸೇರಿತು. ರೋಗಿಯ ಕೈ ಮುಂಚಿನಷ್ಟೇ ತಪ್ಪು ಮಾಡುತ್ತಿತ್ತು. ತಪ್ಪನ್ನು ಕೆಳಗಿನ ಚೀಲ ಹೊತ್ತುಕೊಂಡಿತು. ಮೂತ್ರದ ಚೀಲಕ್ಕೂ ಬೇಕಾದದ್ದು ಇಂಥ ಯೋಚನೆ.

ಉಳಿದದ್ದು ದುಡ್ಡಿನ ಮಾತು. ಸರ್ಕಾರಿ ಆಸ್ಪತ್ರೆಗಳು ಟೆಂಡರಿನಲ್ಲಿ ಅತಿ ಕಡಿಮೆ ದರ ಹೇಳಿದವರಿಂದಲೇ ಕೊಳ್ಳಬೇಕಾಗುತ್ತದೆ, ಹೆಚ್ಚಿನ ಸೌಕರ್ಯ ಕೇಳಿದರೆ ದರ ಏರುತ್ತದೆ ಎಂಬುದು ನಿಜವಾದ ಕಷ್ಟ. ಆದರೆ ಟೆಂಡರ್ ಹೋಲಿಸುವುದು ಅದರ ವಿವರಪಟ್ಟಿಯೊಳಗೆ ಬರುವ ವಸ್ತುಗಳನ್ನು. 2,000 ಮಿಲಿಲೀಟರ್, ಪಿವಿಸಿ, ಸ್ಟೆರೈಲ್ ಎಂದಷ್ಟೇ ಬರೆದರೆ ದಾರ ಕಟ್ಟಿದ ಚೀಲವೂ ಅಗಲ ಕೊಕ್ಕೆಯ ಚೀಲವೂ ಒಂದೇ ಆಗುತ್ತವೆ, ಕಡಿಮೆ ದರದ್ದು ಗೆಲ್ಲುತ್ತದೆ. ದುಂಡು ಪೈಪಿಗೂ ಚಪ್ಪಟೆ ಪಟ್ಟಿಗೂ ಟ್ರಾಲಿಯ ಅಂಚಿಗೂ ಕೂರುವ ಎರಡು ಹಿಡಿಕೆಯ ಕೊಕ್ಕೆ, ಕೊಳವೆಗೆ ಕ್ಲಿಪ್ಪು, ಒಂದೇ ಕೈಯಲ್ಲಿ ತಳ್ಳುವ ತಳದ ನಲ್ಲಿ, ಪರೀಕ್ಷೆಗೆ ಮೂತ್ರ ತೆಗೆಯುವ ದ್ವಾರ, ಕನ್ನಡದ ಸೂಚನೆ ಎಂದು ಬರೆದರೆ ಕಡಿಮೆ ದರದ ಸ್ಪರ್ಧೆ ಆ ಮಟ್ಟದಿಂದ ಮೇಲೆ ನಡೆಯುತ್ತದೆ. 2017ರ ವೈದ್ಯಕೀಯ ಸಾಧನಗಳ ನಿಯಮಗಳ ಅಡಿಯಲ್ಲಿ ಕಡಿಮೆ ಅಪಾಯದ ವರ್ಗಗಳ ಸ್ಟೆರೈಲ್ ಸಾಧನಗಳಿಗೂ 2022ರ ಅಕ್ಟೋಬರ್‌ನಿಂದ ಪರವಾನಗಿ ಕಡ್ಡಾಯವಾಗಿದೆ. ಚೀಲ ಸೋರಬಾರದು, ಸ್ಟೆರೈಲ್ ಆಗಿರಬೇಕು ಎಂಬುದನ್ನು ಅದು ನೋಡಿಕೊಳ್ಳಬಹುದು, ಆದರೆ ಒಂದು ಜಿಲ್ಲಾ ಆಸ್ಪತ್ರೆಯ ಮಂಚ ಎಂಥದ್ದು ಎಂದು ಪರವಾನಗಿ ಕೊಡುವವರಿಗೆ ಗೊತ್ತಿರುವುದಿಲ್ಲ. ಅದು ಕೊಳ್ಳುವವರಿಗೆ ಗೊತ್ತಿರಬೇಕು. ಕರ್ನಾಟಕದಲ್ಲಿ ಸರ್ಕಾರಿ ಆಸ್ಪತ್ರೆಗಳಿಗಾಗಿ ದೊಡ್ಡ ಪ್ರಮಾಣದಲ್ಲಿ ಖರೀದಿಸುವ ರಾಜ್ಯ ವೈದ್ಯಕೀಯ ಸರಬರಾಜು ನಿಗಮದಂಥ ಸಂಸ್ಥೆ ತನ್ನ ವಿವರಪಟ್ಟಿಗೆ ನಾಲ್ಕು ಸಾಲು ಸೇರಿಸಿದರೆ ತಯಾರಕರು ಅಚ್ಚು ಬದಲಿಸುತ್ತಾರೆ. ಬಿಡಿ ಗ್ರಾಹಕರ ಮಾತಿಗೆ ಬದಲಿಸುವುದಿಲ್ಲ. ಖರೀದಿ ಸಮಿತಿಯಲ್ಲಿ ವಾರ್ಡಿನ ಒಬ್ಬ ಹಿರಿಯ ಸಿಸ್ಟರ್ ಮತ್ತು ಒಬ್ಬ ಆಯಾ ಇರಲಿ. ದರ ತೆರೆಯುವ ಮೊದಲು ಮಾದರಿ ಚೀಲಗಳಿಗೆ ಎರಡು ಲೀಟರ್ ನೀರು ತುಂಬಿ, ತಮ್ಮದೇ ವಾರ್ಡಿನ ಮಂಚಕ್ಕೂ ಟ್ರಾಲಿಗೂ ತೂಗಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಕೈಗವಸು ತೊಟ್ಟು ಒಂದೇ ಕೈಯಲ್ಲಿ ಖಾಲಿ ಮಾಡಿ ನೋಡಲು ಅವರಿಗೆ ಯಾವ ಹೊಸ ಕಾನೂನಿನ ಅಗತ್ಯವೂ ಇಲ್ಲ.